ಇಲಿಯ ಬಿಪಿ ಇಳಿಯಿತಂತೆ, ನಾನೂ ತಗೊಳ್ಳಲಾ?

ಕಳೆದ ವಾರ ಗೆಳೆಯನೊಬ್ಬ ಒಂದು ಸುದ್ದಿ ತುಣುಕು ಕಳಿಸಿದ. ಯಾವುದೋ ಗಿಡದ ಸಾರ ಬಿಪಿ ಇಳಿಸುತ್ತದಂತೆ, ಲಿವರನ್ನೂ ಕಾಪಾಡುತ್ತದಂತೆ, ಇಲಿಗಳ ಮೇಲೆ ಸಾಬೀತಾಗಿದೆಯಂತೆ. ಕೆಳಗೆ ಅವನ ಪ್ರಶ್ನೆ: "ನೀನು ಇದೇ ಕೆಲಸ ಮಾಡ್ತಿದ್ದೆ ಅಲ್ವಾ, ತಗೋಬಹುದಾ ಹೇಳು." ಹೌದು, ಫಾರ್ಮಕಾಲಜಿ (ಔಷಧಶಾಸ್ತ್ರ) ಓದುವಾಗ ಕೆಲವು ವರ್ಷ ಮನುಷ್ಯರಿಗಿಂತ ಇಲಿಗಳ ಜೊತೆಗೇ ಜಾಸ್ತಿ ಇದ್ದೆ. ಒಂದೇ ಸಾಲಲ್ಲಿ ಉತ್ತರ ಬರೆದು ಮುಗಿಸೋಣ ಅಂತ ಕೂತೆ. ಆಗಲಿಲ್ಲ.

ಇಲಿಗೆ ಬಿಪಿ ನೋಡುವುದು ಬಾಲದಲ್ಲಿ. ಒಂದು ಪಾರದರ್ಶಕ ಕೊಳವೆಯೊಳಗೆ ಇಲಿಯನ್ನು ಬಿಡುತ್ತೇವೆ, ಬಾಲ ಮಾತ್ರ ಹಿಂದಿನಿಂದ ಹೊರಗೆ. ಬಾಲ ತಣ್ಣಗಿದ್ದರೆ ನಾಡಿ ಸಿಗುವುದಿಲ್ಲ, ಅದಕ್ಕೆ ಮೊದಲು ಹದವಾಗಿ ಬೆಚ್ಚಗೆ ಮಾಡಬೇಕು. ಆಮೇಲೆ ಬುಡಕ್ಕೆ ಪುಟ್ಟ ಪಟ್ಟಿ ಹಾಕಿ ಗಾಳಿ ತುಂಬಿದರೆ ಪರದೆಯ ಮೇಲಿನ ನಾಡಿಯ ಅಲೆ ಚಪ್ಪಟೆಯಾಗುತ್ತದೆ, ಗಾಳಿ ಬಿಡುತ್ತಾ ಬಂದಾಗ ಅಲೆ ಎಲ್ಲಿ ಮತ್ತೆ ಏಳುತ್ತದೋ ಅದೇ ಮೇಲಿನ ಬಿಪಿ. ಕೇಳೋಕೆ ಸುಲಭ. ಮೊದಲ ದಿನ ನನಗೆ ಸಿಕ್ಕಿದ್ದು ಒಂದೇ ಇಲಿಯಲ್ಲಿ ಹತ್ತು ನಿಮಿಷದೊಳಗೆ 128, 161, 149. ಆರೋಗ್ಯವಾಗಿದ್ದ ಇಲಿ ಅದು, ನಮ್ಮ ಹಾಗೇ 120ರ ಆಸುಪಾಸು ಇರಬೇಕಿತ್ತು. ಕೆಟ್ಟಿದ್ದು ಯಂತ್ರ ಅಲ್ಲ. ಇಲಿಗೆ ಭಯ, ನನಗೆ ಅದಕ್ಕಿಂತ ಭಯ, ಕೈ ನಡುಗುತ್ತಿತ್ತು.

ಹಾಗಾಗಿ ಔಷಧ ಕೊಡುವ ಎಷ್ಟೋ ದಿನ ಮೊದಲೇ ಇಲಿಗಳಿಗೆ ಕೊಳವೆ ಅಭ್ಯಾಸ ಮಾಡಿಸುತ್ತೇವೆ. ದಿನಾ ಅದೇ ಹೊತ್ತಿಗೆ, ಅದೇ ವ್ಯಕ್ತಿ, ಸುಮ್ನೆ ಒಳಗೆ ಬಿಟ್ಟು ಹೊರಗೆ ತೆಗೆಯುವುದು. ಒಂದು ವಾರ ಕಳೆಯುವಷ್ಟರಲ್ಲಿ ಕೆಲವು ತಾವೇ ನಡೆದು ಒಳಗೆ ಹೋಗುತ್ತವೆ. (2014ರಲ್ಲಿ ಒಂದು ಅಧ್ಯಯನ ಬಂತು: ಗಂಡಸರ ಮೈವಾಸನೆಗೇ ಇಲಿಗಳ ಮನಸ್ಸಿನ ಒತ್ತಡ ಏರುತ್ತದೆ ಅಂತ. ಲ್ಯಾಬಿನಲ್ಲಿ ಒಂದು ವಾರ ಅದೇ ತಮಾಷೆ.) ಈ ಅಭ್ಯಾಸ ಮಾಡಿಸದೆ ಅಳೆದರೆ ನೀವು ನೋಡುತ್ತಿರುವುದು ಬಿಪಿಯನ್ನೋ ಗಾಬರಿಯನ್ನೋ ಗೊತ್ತಾಗುವುದಿಲ್ಲ. ಗಿಡದ ಸಾರ ಇಲಿಗೆ ಸ್ವಲ್ಪ ಮಂಪರು ಬರಿಸಿದರೂ ಸಾಕು, ಗಾಬರಿ ಇಳಿದು "ಬಿಪಿ ಇಳಿಯಿತು" ಅಂತ ಪ್ರಬಂಧದಲ್ಲಿ ಕೂತುಬಿಡುತ್ತದೆ. ನಿಜವಾಗಿ ತಿಳಿಯಬೇಕಿದ್ದರೆ ಮೈಯೊಳಗೆ, ರಕ್ತನಾಳಕ್ಕೆ ತೆಳು ನಳಿಕೆಯಿಂದ ಜೋಡಿಸಿದ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು, ಇಲಿ ತನ್ನ ಪಾಡಿಗೆ ಪಂಜರದಲ್ಲಿ ಓಡಾಡುವಾಗ ಅಳೆಯಬೇಕು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು, ದುಡ್ಡೂ ಬೇಕು.

ಬಿಪಿ ಇರುವ ಇಲಿ ಸಿಗುವುದೆಲ್ಲಿ? ಒಂದು ದಾರಿ, ಹುಟ್ಟಿನಿಂದಲೇ ಆ ಗುಣ ಇರುವ ತಳಿ. ಜಪಾನಿನ ಕ್ಯೋಟೋದಲ್ಲಿ ಒಕಾಮೊಟೊ ಮತ್ತು ಅಯೋಕಿ 1963ರಲ್ಲಿ ಇದನ್ನು ಪ್ರಕಟಿಸಿದರು. ಬಿಪಿ ಜಾಸ್ತಿ ಇರುವ ಇಲಿಗಳನ್ನೇ ಆರಿಸಿ ಪೀಳಿಗೆಯಿಂದ ಪೀಳಿಗೆಗೆ ಕೂಡಿಸುತ್ತಾ ಹೋದರು. ಈ ಇಲಿಗಳ ಬಿಪಿ ಬೆಳೆದಂತೆ ತಾನಾಗಿಯೇ ಏರಿ 180 ದಾಟುತ್ತದೆ. ಇನ್ನೊಂದು ದಾರಿ, ಎಲ್-ನೇಮ್ ಅನ್ನುವ ರಾಸಾಯನಿಕವನ್ನು ಕುಡಿಯುವ ನೀರಿಗೆ ಹಾಕುವುದು. ರಕ್ತನಾಳ ಸಡಿಲವಾಗಲು ಬೇಕಾದ ನೈಟ್ರಿಕ್ ಆಕ್ಸೈಡ್ ತಯಾರಾಗದ ಹಾಗೆ ಅದು ತಡೆಯುತ್ತದೆ, ಬಿಪಿ ಏರುತ್ತದೆ. ಎರಡರಲ್ಲೂ ಇಲಿಯ ಬಿಪಿ ಜಾಸ್ತಿಯೇ, ಕಾರಣ ಮಾತ್ರ ಬೇರೆ. ಒಂದರಲ್ಲಿ ಕೆಲಸ ಮಾಡಿದ ಔಷಧ ಇನ್ನೊಂದರಲ್ಲಿ ಮಾಡಲೇಬೇಕು ಅಂತೇನಿಲ್ಲ.

ಇನ್ನು ಲಿವರ್. ನನಗೆ ತಕರಾರು ಇರುವುದೇ ಇಲ್ಲಿ.

ಇಲಿಯ ಲಿವರ್ ಕೆಡಿಸಲು ತುಂಬಾ ಬಳಸುವುದು ಕಾರ್ಬನ್ ಟೆಟ್ರಾಕ್ಲೋರೈಡ್, ಎಣ್ಣೆಯಲ್ಲಿ ಬೆರೆಸಿ ಕೊಡುತ್ತಾರೆ. ಒಳ್ಳೆಯ ಲಿವರ್ ಕಡುಗೆಂಪಗೆ ನುಣುಪಾಗಿ ಹೊಳೆಯುತ್ತದೆ. ಇದನ್ನು ಕೊಟ್ಟ ಮಾರನೇ ದಿನ ತೆಗೆದರೆ ಬಿಳುಚಿಕೊಂಡು ಹಳದಿ ಮಚ್ಚೆ ಮಚ್ಚೆ, ಬೆರಳಿಗೆ ಮೆತ್ತಗೆ. ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಲಿಲ್ಲ. ವಿಷಯ ಏನಂದರೆ, ಆ ರಾಸಾಯನಿಕ ತಾನಾಗಿಯೇ ಅಷ್ಟು ಹಾಳು ಮಾಡುವುದಿಲ್ಲ. ಲಿವರಿನ ಸಿವೈಪಿ2ಇ1 ಅನ್ನುವ ಕಿಣ್ವ ಅದನ್ನು ಒಡೆದಾಗ ಹುಟ್ಟುವ ತುಣುಕೇ ಜೀವಕೋಶ ಕೊಲ್ಲುವುದು. ಪ್ಯಾರಾಸಿಟಮಾಲ್ ಮಿತಿಮೀರಿದಾಗಲೂ ಬಹುಪಾಲು ಇದೇ ಕಿಣ್ವದ ಕೈವಾಡ.

ಈಗ ಎಷ್ಟೋ ಅಧ್ಯಯನಗಳಲ್ಲಿ ಮಾಡುವುದೇನು ನೋಡಿ. ಮೊದಲು ಏಳು ದಿನ ಗಿಡದ ಸಾರ, ಆಮೇಲೆ ವಿಷ. ಆ ಸಾರ ಲಿವರಿಗೆ ಏನೂ ಒಳ್ಳೆಯದು ಮಾಡಬೇಕಿಲ್ಲ, ಆ ಕಿಣ್ವವನ್ನು ಮಂಕು ಮಾಡಿದರೆ ಸಾಕು. ವಿಷ ವಿಷವಾಗುವುದೇ ಇಲ್ಲ, ಲಿವರ್ ಕೆಟ್ಟರೆ ರಕ್ತದಲ್ಲಿ ಜಾಸ್ತಿಯಾಗುವ ಕಿಣ್ವ ಎಸ್‌ಜಿಪಿಟಿ ಏರುವುದಿಲ್ಲ, "ಲಿವರ್ ರಕ್ಷಕ" ಅಂತ ಶೀರ್ಷಿಕೆ ಬರುತ್ತದೆ. ಅದೇ ಕಿಣ್ವ ಮಂಕಾದ ಮನುಷ್ಯನ ಲಿವರಿಗೆ ಬೇರೆ ಮಾತ್ರೆಗಳನ್ನು ಅರಗಿಸುವುದು ಕಷ್ಟವಾಗಬಹುದು. ಅದೂ ಅಲ್ಲದೆ ಆಸ್ಪತ್ರೆಗೆ ಬರುವವನು ಲಿವರ್ ಕೆಟ್ಟ ಮೇಲೆ ಬರುತ್ತಾನೆ, ಏಳು ದಿನ ಮುಂಚೆ ಅಲ್ಲ. ವಿಷ ಕೊಟ್ಟ ಮೇಲೆ ಸಾರ ಕೊಟ್ಟು ನೋಡಿದ್ದೀರಾ ಅಂತ ಕೇಳಿದರೆ ಅರ್ಧಕ್ಕರ್ಧ ಕಥೆ ಅಲ್ಲೇ ನಿಲ್ಲುತ್ತದೆ.

ನಾನೂ ಎಡವಿದ್ದೇನೆ. ಒಂದು ಸಲ ಆತುರದಲ್ಲಿ ರಕ್ತ ಎಳೆಯುವಾಗ ಕಣಗಳು ಒಡೆದು ಸೀರಮ್, ಅಂದರೆ ರಕ್ತದ ತಿಳಿ ಭಾಗ, ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಲಿವರ್ ಪರೀಕ್ಷೆಯ ಇನ್ನೊಂದು ಕಿಣ್ವ ಎಸ್‌ಜಿಒಟಿ ಗಗನಕ್ಕೇರಿತು, ಔಷಧವೇ ಲಿವರ್ ಕೆಡಿಸಿತು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಆ ಕಿಣ್ವ ಕೆಂಪು ರಕ್ತಕಣದಲ್ಲೂ ಇರುತ್ತದೆ, ಒಡೆದ ಕಣದಿಂದ ಬಂದಿತ್ತು ಅಷ್ಟೇ. ಆ ಗುಂಪಿನ ಆರು ಇಲಿಗಳ ಲೆಕ್ಕ ಕೈಬಿಡಬೇಕಾಯಿತು. ಅಂದರೆ ಆರು ಪ್ರಾಣ ಸುಮ್ನೆ ಹೋಯಿತು. 1959ರಲ್ಲೇ ರಸೆಲ್ ಮತ್ತು ಬರ್ಚ್ ಅನ್ನುವ ವಿಜ್ಞಾನಿಗಳು ಹೇಳಿದ್ದರು: ಪ್ರಾಣಿಯ ಬದಲು ಬೇರೆ ದಾರಿ ಇದ್ದರೆ ಅದನ್ನು ಹಿಡಿ, ಇಲ್ಲದಿದ್ದರೆ ಕಡಿಮೆ ಬಳಸು, ನೋವು ಕಡಿಮೆ ಮಾಡು. ನನ್ನ ಮಟ್ಟಿಗೆ ಅದು ಪಾಠ ಆಗಿದ್ದು ಆ ಗುಲಾಬಿ ಸೀರಮ್ ನೋಡಿದ ಮೇಲೆ.

ಅಂದ ಮಾತ್ರಕ್ಕೆ ಎಲ್ಲಾ ಬುರುಡೆ ಅಂತಲ್ಲ. ಬಿಪಿಗೂ ಲಿವರಿಗೂ ನಿಜಕ್ಕೂ ನಂಟಿದೆ. ರಕ್ತನಾಳ ಬಿಗಿಯುವ ಆಂಜಿಯೋಟೆನ್ಸಿನ್‌ಗೆ ಬೇಕಾದ ಕಚ್ಚಾ ಸರಕು ತಯಾರಾಗುವುದೇ ಲಿವರಿನಲ್ಲಿ. ಎನಾಲಾಪ್ರಿಲ್ ಅನ್ನುವ ಬಿಪಿ ಮಾತ್ರೆ ಲಿವರಿನಲ್ಲಿ ರೂಪ ಬದಲಿಸಿದ ಮೇಲೇ ಕೆಲಸ ಶುರು ಮಾಡುವುದು. ಅದೇ ಜಾತಿಯ ಲಿಸಿನೋಪ್ರಿಲ್‌ಗೆ ಅದರ ಹಂಗಿಲ್ಲ. ಈ ಸಾಲಿನ ಮೊದಲ ಮಾತ್ರೆ ಕ್ಯಾಪ್ಟೋಪ್ರಿಲ್‌ನ ಮೂಲ ಬ್ರೆಜಿಲಿನ ಒಂದು ಹಾವಿನ ವಿಷ, ಅದೂ ಪ್ರಾಣಿ ಪ್ರಯೋಗಗಳನ್ನು ದಾಟಿಯೇ ಬಂದಿದ್ದು. ಇನ್ನೊಂದು ಕಡೆ ಟಿಕ್ರಿನಾಫೆನ್ ಅನ್ನುವ ಬಿಪಿ ಮಾತ್ರೆ ಇತ್ತು. ಅಮೆರಿಕದಲ್ಲಿ 1979ರಲ್ಲಿ ಒಪ್ಪಿಗೆ ಸಿಕ್ಕಿ, 1980ರಲ್ಲೇ ವಾಪಸ್ ಹೋಯಿತು. ಕೆಲವರ ದೇಹ ತನ್ನದೇ ಲಿವರಿನ ಕಿಣ್ವದ ಮೇಲೆ ತಿರುಗಿಬಿದ್ದಿತ್ತು. ಎಲ್ಲೋ ಕೆಲವರಿಗೆ ಮಾತ್ರ ಆಗುವ ಇಂಥದ್ದು ಗುಂಪಿಗೆ ಆರು ಇಲಿ ಇಟ್ಟ ಪ್ರಯೋಗದಲ್ಲಿ ಸಿಗುವುದಾದರೂ ಹೇಗೆ?

ಸರಿ, ಗೆಳೆಯನಿಗೆ ಏನು ಹೇಳಿದೆ? ಆ ಸುದ್ದಿಯಲ್ಲಿ ಇಲಿಗೆ ಕೊಟ್ಟಿದ್ದು ಕಿಲೋ ತೂಕಕ್ಕೆ 400 ಮಿಲಿಗ್ರಾಂ. ಚಿಕ್ಕ ಪ್ರಾಣಿಯ ಚಯಾಪಚಯ ಚುರುಕು, ಹಾಗಾಗಿ ಇಲಿಯ ಲೆಕ್ಕವನ್ನು ಮನುಷ್ಯನಿಗೆ ತರಲು 6.2ರಿಂದ ಭಾಗಿಸುತ್ತೇವೆ. ಕಿಲೋಗೆ ಸುಮಾರು 65 ಮಿಲಿಗ್ರಾಂ ಬಂತು. ಅವನು 60 ಕಿಲೋ, ಅಂದರೆ ದಿನಕ್ಕೆ ಹತ್ತಿರ ಹತ್ತಿರ 4 ಗ್ರಾಂ. "ನಿನ್ನ ಡಬ್ಬಿಯಲ್ಲಿ ಒಂದು ಕ್ಯಾಪ್ಸೂಲ್ ಎಷ್ಟು?" ಅಂತ ಕೇಳಿದೆ. 250 ಮಿಲಿಗ್ರಾಂ, ದಿನಕ್ಕೆ ಎರಡು ಅಂತ ಬರೆದಿದೆ ಅಂದ. ಡಬ್ಬಿ ಆಗಲೇ ತಂದಾಗಿತ್ತು ನೋಡಿ! ಇಲಿಯ ಸಮ ಬರಬೇಕಿದ್ದರೆ ಹದಿನಾರು ನುಂಗಬೇಕು ಅಂದೆ, ಮತ್ತೆ ಡಾಕ್ಟರು ಕೊಟ್ಟ ಬಿಪಿ ಮಾತ್ರೆ ಮಾತ್ರ ನಿಲ್ಲಿಸಬೇಡ, ಈ ಡಬ್ಬಿಯನ್ನೂ ಅವರಿಗೆ ತೋರಿಸು ಅಂತ ಸೇರಿಸಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಂದು ಸಾಲು ಬಂತು: "ಮಾತ್ರೆ ಸೋಮವಾರವೇ ನಿಲ್ಲಿಸಿದ್ದೆ, ಈಗ ತಗೊಂಡೆ."