ವೈನರಿಯ ನೆಲಮಾಳಿಗೆಗೆ ಇಳಿಯುವಾಗ ಆಕ್ಸಿಜನ್ ಮೀಟರ್ ಒಂದನ್ನೇ ನಂಬಬೇಡಿ

ಈ ಜೂನ್‌ನಲ್ಲಿ ನಮ್ಮ ಕೆಳಗಿನ ಕೋಣೆಯಲ್ಲಿ ಒಬ್ಬರು ಕುಸಿದರು. ರ್ಯಾಕಿಂಗ್‌ಗೆ (ಗಸಿ ಬಿಟ್ಟು ತಿಳಿ ವೈನನ್ನು ಬೇರೆ ಪಾತ್ರೆಗೆ ಇಳಿಸುವುದಕ್ಕೆ) ಮುಂಚೆ ಡ್ರೈನ್ ವಾಲ್ವ್ ತೊಳೆಯಲು ಬಗ್ಗಿದ್ದವರಿಗೆ ಏದುಸಿರು ಬಂತು, ಮೊಣಕಾಲೂರಿದರು, ಕೂಗಿದರೂ ಉತ್ತರವಿಲ್ಲ. ಸೊಂಟದ ಆಕ್ಸಿಜನ್ ಮೀಟರ್ ಶೇ. 19.8 ತೋರಿಸುತ್ತಿತ್ತು, ಬೀಪ್ ಇಲ್ಲ. ಗಾಳಿ ಪರೀಕ್ಷೆಗೆ ಮೆಟ್ಟಿಲ ಬುಡದಲ್ಲಿಟ್ಟ ದೀಪವೂ ಉರಿಯುತ್ತಿತ್ತು.

ಮೇಲಿದ್ದ ಇಬ್ಬರು ಹುಡುಗರು ಓಡಿ ಇಳಿಯಲು ಹೊರಟರು. ಹಿರಿಯ ಕೆಲಸಗಾರರೊಬ್ಬರು ರಟ್ಟೆ ಹಿಡಿದು ನಿಲ್ಲಿಸಿ, “ಇಳೀಬೇಡ್ರೋ, ಹಗ್ಗ ಎಳೀರಿ” ಎಂದರು. ಬಾವಿ ತೋಡುವವರ ಹಾಗೆ ಸೊಂಟಕ್ಕೆ ಹಗ್ಗ ಕಟ್ಟಿಯೇ ಇಳಿಸಬೇಕೆಂದು ಹಟ ಹಿಡಿದಿದ್ದವರೂ ಅವರೇ. ಎಲ್ಲರೂ ಸೇರಿ ರ‍್ಯಾಂಪ್ ಮೇಲೆ ಎಳೆದುಕೊಂಡೆವು. ಗಾಳಿಗೆ ಬಂದ ಮೇಲೆ ಉಸಿರು ಸರಿಯಾಯಿತು. 108 ಬಂದು ಆಸ್ಪತ್ರೆಗೆ ಕರೆದೊಯ್ದರು. ಅವರ ಹಿಂದೆಯೇ ಇನ್ನೊಬ್ಬರು ಇಳಿದಿದ್ದರೆ ಇಬ್ಬರನ್ನು ಎಳೆಯಬೇಕಿತ್ತು, ಎರಡನೆಯವರಿಗೆ ಹಗ್ಗವೂ ಇರುತ್ತಿರಲಿಲ್ಲ.

ಮೀಟರ್ ಕೆಟ್ಟಿರಲಿಲ್ಲ. ಹಣ್ಣಿನ ರಸ ಹುಳಿಯುವಾಗ ಬರುವ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಶೇ. 5ರಷ್ಟು ಬೆರೆತರೆ ಆಕ್ಸಿಜನ್ 20.9ರಿಂದ ಇಳಿಯುವುದು 19.9ರ ಹತ್ತಿರಕ್ಕೆ ಮಾತ್ರ. ಅಲಾರಂ ಇರುವುದು 19.5ಕ್ಕೆ. ಆದರೆ ಈ ಅನಿಲ ಶೇ. 4 ಇದ್ದರೇ ಜೀವಕ್ಕೆ ಅಪಾಯ. ಎಂಟು ಗಂಟೆ ಕೆಲಸಕ್ಕೆ ಮಿತಿ ಶೇ. 0.5. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ್ದರಿಂದ ಸೊಂಟದ ಮಟ್ಟಕ್ಕಿಂತ ಪಾದದ ಹತ್ತಿರ ಹೆಚ್ಚು. ದೀಪವಂತೂ ಮನುಷ್ಯ ಬಿದ್ದ ಮೇಲೂ ಉರಿಯಬಲ್ಲದು.

ಗುಡ್ಡದ ಇಳಿಜಾರಿನಲ್ಲಿ ವೈನರಿ ಕಟ್ಟುವುದೇ ಪಂಪ್ ಉಳಿಸಲು: ಮೇಲೆ ಹಣ್ಣು, ನಡುವೆ ಟ್ಯಾಂಕ್, ಕೆಳಗೆ ಬ್ಯಾರೆಲ್. ರಸ ಇಳಿಯುವ ದಾರಿಯಲ್ಲೇ ಅನಿಲವೂ ಇಳಿಯುತ್ತದೆ. 22 ಬ್ರಿಕ್ಸ್‌ನ (ನೂರಕ್ಕೆ 22 ಭಾಗ ಸಕ್ಕರೆಯ) ಒಂದು ಲೀಟರ್ ಮಸ್ಟ್, ಅಂದರೆ ಹಣ್ಣು ಜಜ್ಜಿದ ರಸ, ಹುಳಿತು ಮುಗಿಯುವಷ್ಟರಲ್ಲಿ 50 ಲೀಟರಿಗೂ ಹೆಚ್ಚು ಅನಿಲ ಬಿಡುತ್ತದೆ. 2000 ಲೀಟರಿನ ಟ್ಯಾಂಕ್ ಅಂದರೆ 100 ಘನ ಮೀಟರ್; ನಮ್ಮ ಕೋಣೆ ಇರುವುದೇ 8×5×3 ಮೀಟರ್. ಅದರ ಬಹುಪಾಲು ಹೊರಬರುವುದು ನೊರೆ ಏಳುವ ಮೊದಲ ಕೆಲವೇ ದಿನಗಳಲ್ಲಿ.

ನಂದಿ ಬೆಟ್ಟದ ಕಡೆ ಈ ತೊಂದರೆ ಕಡಿಮೆ. 1992ರಲ್ಲಿ ಗ್ರೋವರ್ ವೈನ್ ಕಂಪನಿಯವರ ಮೊದಲ ವೈನ್ ಬಂದ ಆ ಸೀಮೆಯಲ್ಲಿ ದ್ರಾಕ್ಷಿ ಕೊಯ್ಲು ಒಣ ಹವೆಯಲ್ಲಿ, ಬಾಗಿಲು ತೆರೆದಿಟ್ಟು ಕೆಲಸ ಮಾಡಬಹುದು. ಮಲೆನಾಡಿನ ಮಳೆಗೆ ದ್ರಾಕ್ಷಿ ಬೂಜು ಹಿಡಿದು ಹಾಳಾಗುತ್ತದೆ, ನಾವು ವೈನ್ ಮಾಡುವುದು ನೇರಳೆ ಹಣ್ಣಿನಿಂದ. ಅದು ಹಣ್ಣಾಗುವ ಹೊತ್ತಿಗೆ ಜಡಿಮಳೆ ಹಿಡಿದು, ಇರಚಲು ಬೀಳದಂತೆ ಎಲ್ಲ ಕಿಟಕಿ ಮುಚ್ಚಿರುತ್ತೇವೆ. ಸಿಪ್ಪೆಯ ಬಣ್ಣ, ಒಗರು ಬೇಕೆಂದು ತೆರೆದ ಟ್ಯಾಂಕಿನಲ್ಲೇ ಪಂಚ್‌ಡೌನ್, ಅಂದರೆ ತೇಲುವ ಸಿಪ್ಪೆಯನ್ನು ರಸದೊಳಗೆ ಒತ್ತುವುದು. ಎಕ್ಸಾಸ್ಟ್ ಫ್ಯಾನನ್ನು ಮಾತ್ರ ಕಟ್ಟಿದವರು ಸೂರಿನ ಹತ್ತಿರ ಕೂರಿಸಿದ್ದರು! ಕೆಳಗಿಳಿಸಿ ಎಂದು ಬರೆದುಕೊಟ್ಟ ಅರ್ಜಿ ಕಚೇರಿಯಲ್ಲೇ ಉಳಿದಿತ್ತು. ಅಷ್ಟರಲ್ಲಿ ಟೇಸ್ಟಿಂಗ್ ಹಾಲ್‌ಗೆ ಹೊಸ ಟೈಲ್ಸ್ ಬಂತು.

ಈಗ ಫ್ಯಾನಿನ ಬಾಯಿ ಕಣಿವೆ ಕಡೆಯ ಮೂಲೆಯಲ್ಲಿ, ನೆಲಕ್ಕೆ ತಾಗಿದಂತಿದೆ. ಹೊಸ ಗಾಳಿ ಮೇಲಿನಿಂದ ಬರುತ್ತದೆ. ಮುಚ್ಚಿದ ಟ್ಯಾಂಕುಗಳ ಏರ್‌ಲಾಕ್‌ಗೆ (ಅನಿಲ ಹೊರಬಿಟ್ಟು ಗಾಳಿ ಒಳಬಿಡದ ಬಿರಡೆಗೆ) ಪೈಪು ಹಾಕಿ ಕಟ್ಟಡದ ಹೊರಗೆ ಬಿಟ್ಟಿದ್ದೇವೆ. ಇಂಗಾಲದ ಡೈಆಕ್ಸೈಡನ್ನೇ ಅಳೆಯುವ ಮೀಟರನ್ನು ಹಗ್ಗದಲ್ಲಿ ಮೊದಲು ನೆಲದವರೆಗೆ ಇಳಿಸಿ, 0.5ಕ್ಕಿಂತ ಕೆಳಗಿದ್ದರೆ ಮಾತ್ರ ಮನುಷ್ಯ ಇಳಿಯುವುದು. ಹಗ್ಗ ಹಿಡಿದವರು ಫೋನ್ ಬಂದರೂ ಜಾಗ ಬಿಡುವಂತಿಲ್ಲ. ಎರಡನೇ ಮೀಟರಿಗೆ ಕಚೇರಿಯ ಸಹಿ ಇನ್ನೂ ಆಗಿಲ್ಲ. ಇರುವ ಒಂದು ಮೀಟರ್ ಕ್ಯಾಲಿಬ್ರೇಷನ್‌ಗೆ (ಅಳತೆ ಸರಿನೋಡಲು) ಹೋದ ದಿನ ಕೆಳಗಿನ ಕೋಣೆಗೆ ಬೀಗ.