ನಾಲ್ಕನೇ ನಿಮಿಷದ ಹಕ್ಕಿ ಲೆಕ್ಕಕ್ಕಿಲ್ಲ

ನಾನೀಗ ಇರುವುದು ಅರಿಜೋನಾದ ಟೂಸಾನ್‌ನಲ್ಲಿ. ಕಾಸರಗೋಡಿನ ಪೆರ್ಲದ ಅಡಿಕೆ ತೋಟದಿಂದ ನೇರ ಮರುಭೂಮಿಗೆ! ಹಿತ್ತಲಲ್ಲಿ ಚೋಯಾ ಎಂಬ ಕಳ್ಳಿ ಇದೆ. ಒಂದು ಸಲ ಮೈ ತಾಗಿ, ಅರ್ಧ ಗಂಟೆ ಇಕ್ಕಳ ಹಿಡಿದು ಮುಳ್ಳು ಕಿತ್ತಿದ್ದೇನೆ. ಅದರ ನಡುವೆಯೇ ಕ್ಯಾಕ್ಟಸ್ ರೆನ್ ಎಂಬ ಹಕ್ಕಿ ಆರಾಮಾಗಿ ಗೂಡು ಕಟ್ಟುತ್ತದೆ. ನೀರು ಕುಡಿಯುವುದು ಅಪರೂಪ, ಹುಳ ಮತ್ತು ಕಳ್ಳಿಹಣ್ಣಿನ ರಸದಲ್ಲೇ ನಡೆಯುತ್ತದೆ. ಹಾಡು ಮಾತ್ರ ಬ್ಯಾಟರಿ ಇಳಿದ ಸರ್ವಿಸ್ ಜೀಪು ಸ್ಟಾರ್ಟ್ ಮಾಡಿದ ಹಾಗೆ. ಇದಕ್ಕೂ ಹಾಡುಹಕ್ಕಿ ಅಂತಾರೆ!

ದಿನಾ ಅದೇ ಸದ್ದಿಗೆ ಏಳುವ ನಾನು ಇವು ಬೇಕಾದಷ್ಟಿವೆ ಅಂದುಕೊಂಡಿದ್ದೆ. ಹೋದ ಮೇ ತಿಂಗಳಲ್ಲಿ ಪಕ್ಕದ ಮನೆಯವರು ಹಕ್ಕಿ ಎಣಿಸಲು ಹೊರಟಾಗ ಡ್ರೈವರ್ ಆಗಿ ಹೋದೆ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಶುರು. ಸುಮಾರು 40 ಕಿ.ಮೀ. ರಸ್ತೆಯಲ್ಲಿ 50 ಕಡೆ ನಿಲ್ಲಬೇಕು. ಪ್ರತಿ ಕಡೆ 3 ನಿಮಿಷ, ಕಂಡದ್ದು, ಕೇಳಿದ್ದು ಎಲ್ಲ ಬರೆಯಬೇಕು. ನಾಲ್ಕನೇ ನಿಮಿಷಕ್ಕೆ ಎಂಥ ಚಂದದ ಹಕ್ಕಿ ಬಂದರೂ ಲೆಕ್ಕಕ್ಕಿಲ್ಲ.

ಅಮೆರಿಕದಲ್ಲಿ ಇದು 1966ರಿಂದ ನಡೆಯುತ್ತಿದೆ. ಈ ಲೆಕ್ಕದ ಪ್ರಕಾರ ಕ್ಯಾಕ್ಟಸ್ ರೆನ್ ಸುಮಾರು ಅರ್ಧಕ್ಕೆ ಇಳಿದಿದೆ. ವರ್ಷಕ್ಕೆ ನೂರರಲ್ಲಿ ಒಂದೋ ಎರಡೋ ಹೋದರೆ ಹಿತ್ತಲಲ್ಲಿ ಕೂತವನಿಗೆ ಹೇಗೆ ಗೊತ್ತಾಗಬೇಕು? ಊರು ಬೆಳೆಯುತ್ತಾ ಕಳ್ಳಿ ಹೋಗುತ್ತಿದೆ. ಹೊರಗಿನಿಂದ ತಂದ ಹುಲ್ಲು ಹಬ್ಬಿ ಬೆಂಕಿಯೂ ಜಾಸ್ತಿ.

ಮೊಹಾವಿ ಮರುಭೂಮಿಯದ್ದು ಇನ್ನೂ ಹಳೆಯ ಲೆಕ್ಕ. ನೂರು ವರ್ಷದ ಹಿಂದೆ ಪ್ರಾಣಿಶಾಸ್ತ್ರಜ್ಞ ಜೋಸೆಫ್ ಗ್ರಿನೆಲ್ ಮತ್ತು ಜೊತೆಗಾರರು ಬರೆದಿಟ್ಟ ಟಿಪ್ಪಣಿ ಹಿಡಿದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದೇ 61 ಜಾಗಗಳಿಗೆ ಮತ್ತೆ ಹೋದರು. 2018ರಲ್ಲಿ ಅವರು ಹೇಳಿದ್ದು: ಒಂದೊಂದು ಜಾಗದಲ್ಲಿ ಮೊದಲಿದ್ದ ಹಕ್ಕಿ ಜಾತಿಗಳಲ್ಲಿ ಸರಾಸರಿ ನೂರಕ್ಕೆ 43ರಷ್ಟು ಈಗ ಇಲ್ಲ. ಮಳೆ ಕಡಿಮೆಯಾದದ್ದೇ ದೊಡ್ಡ ಕಾರಣ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಹಕ್ಕಿ ಎಣಿಸ್ಲಿಕ್ಕೆ ಅಷ್ಟು ದೂರ ಹೋದದ್ದಾ ಮಗಾ?" ಎಂದರು. ಆಮೇಲೆ ಅವರೇ, "ನಮ್ಮ ಪದವಿನಲ್ಲಿ ಹಾಡ್ತಾ ಹಾಡ್ತಾ ಮೇಲೆ ಹೋಗುವ ಹಕ್ಕಿ ಮೊದಲು ತುಂಬಾ ಇತ್ತು" ಎಂದರು. (ಪದವು ಅಂದರೆ ಮುರಕಲ್ಲಿನ ಬಯಲು.) ತುಂಬಾ ಅಂದರೆ ಎಷ್ಟು? "ತುಂಬಾ ಅಂದ್ರೆ ತುಂಬಾ." ಈ ತುಂಬಾದಿಂದ ಇವತ್ತಿನದ್ದನ್ನು ಕಳೆಯುವುದು ಹೇಗೆ ಹೇಳಿ!

2015ರಿಂದ 2020ರವರೆಗೆ ಕೇರಳ ಪಕ್ಷಿ ಅಟ್ಲಾಸ್‌ಗಾಗಿ ಹವ್ಯಾಸಿಗಳು ಕಾಸರಗೋಡನ್ನೂ ಸುತ್ತಿ ಎಣಿಸಿದ್ದಾರೆ. ಹಾಗಾಗಿ ನಮ್ಮ ಕಡೆಗೂ ಒಂದು ಮೊದಲ ಅಂಕಿ ಸಿಕ್ಕಿದೆ. ಮುಂದಿನ ರಜೆಯಲ್ಲಿ ಬೆಳಗಾಗುವ ಮುಂಚೆ ಪದವಿನ ಕಡೆಗೆ ಬರುವವರಿದ್ದರೆ ಹೇಳಿ. ಬೈಕ್ ನಾನೇ ಓಡಿಸುತ್ತೇನೆ.