ಜೇನುತುಪ್ಪ ಗಟ್ಟಿಯಾದ ಆ ಡಿಸೆಂಬರ್

ನಾನು ಬರೆದು ಗಳಿಸಿದ ಮೊದಲ ದುಡ್ಡು ಹಾಸಿಗೆಯ ಬಗ್ಗೆ ಬರೆದದ್ದಕ್ಕೆ ಬಂದಿತ್ತು. ಬೆನ್ನುನೋವು ಇದ್ದವರಿಗೆ ಯಾವ ಹಾಸಿಗೆ ಒಳ್ಳೆಯದು ಅಂತ ಇಂಗ್ಲಿಷಿನಲ್ಲಿ 500 ಪದ. ಪದಕ್ಕೆ 20 ಪೈಸೆಯಂತೆ ಲೇಖನಕ್ಕೆ 100 ರೂಪಾಯಿ. ಆ ಹಾಸಿಗೆಗಳನ್ನು ನಾನು ಕಣ್ಣಲ್ಲಿ ನೋಡಿಯೂ ಇರಲಿಲ್ಲ.

ಅದು 2017. ಬಿಕಾಂ ಮುಗಿಸಿ ಸಿರಸಿ ಹತ್ತಿರದ ನಮ್ಮ ಊರಿಗೆ ವಾಪಸ್ ಬಂದಿದ್ದೆ. ಹಿಂದಿನ ವರ್ಷವಷ್ಟೇ ಜಿಯೋ ಬಂದಿತ್ತು. ನಮ್ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಅಟ್ಟದ ಕಿಟಕಿ ಹತ್ತಿರ ಮಾತ್ರ. ಅಲ್ಲೇ ಒಂದು ಚಾಪೆ ಹಾಸಿಕೊಂಡು, ಅಡಿಕೆ ಮೂಟೆಗೆ ಒರಗಿ ಬರೆಯುತ್ತಿದ್ದೆ.

ಕೆಲಸ ಕೊಟ್ಟಿದ್ದವರು ಒಂದೇ ಲೇಖನವನ್ನು ಐದು ಥರ ಬರೆಸುತ್ತಿದ್ದರು. ಅದಕ್ಕೆ ಸ್ಪಿನ್ನಿಂಗ್ ಅಂತ ಹೆಸರು. 'ಒಳ್ಳೆಯ' ಇದ್ದ ಕಡೆ 'ಉತ್ತಮ' ಹಾಕುವುದು, ವಾಕ್ಯ ಹಿಂದೆ ಮುಂದೆ ಮಾಡುವುದು. ಆಮೇಲೆ ಅವನ್ನೆಲ್ಲ ಬೇರೆ ಬೇರೆ ಲೇಖನ ಸೈಟುಗಳಿಗೆ ಹಾಕಿ, ಕೊನೆಯಲ್ಲಿ ಅಂಗಡಿಯ ಲಿಂಕ್ ಅಂಟಿಸುವುದು. ಒಂದು ಕಾಲದಲ್ಲಿ ಇದು ನಡೆಯುತ್ತಿತ್ತು. ಈಜೀನ್ ಆರ್ಟಿಕಲ್ಸ್ ಥರದ ಸೈಟುಗಳಲ್ಲಿ ಬರೆದು ಎಷ್ಟೋ ಜನ ಇಂಟರ್ನೆಟ್ ಮಾರ್ಕೆಟಿಂಗ್ ಕಲಿತರು. ಆದರೆ 2011ರ ಫೆಬ್ರವರಿಯಲ್ಲಿ ಗೂಗಲ್ ಪಾಂಡಾ ಅನ್ನುವ ಬದಲಾವಣೆ ತಂದು, ಸತ್ವವಿಲ್ಲದ ಇಂಥ ಬರಹಗಳನ್ನು ಹುಡುಕಾಟದಲ್ಲಿ ಕೆಳಗೆ ತಳ್ಳಿತು. ಅದಾಗಿ ಆರು ವರ್ಷವಾದರೂ ನಾನು ಅಟ್ಟದ ಮೇಲೆ ಕೂತು ಅದನ್ನೇ ಮಾಡುತ್ತಿದ್ದೆ. ಕೊನೆಯ ಎರಡು ತಿಂಗಳ ದುಡ್ಡು ಬರಲೇ ಇಲ್ಲ. ಬಿಟ್ಟುಬಿಟ್ಟೆ.

ಆಮೇಲೆ ಗೂಗಲ್‌ನ ಬ್ಲಾಗರ್‌ನಲ್ಲಿ ಸ್ವಂತದ್ದೊಂದು ಬ್ಲಾಗ್ ತೆರೆದೆ. ಕನ್ನಡದಲ್ಲಿ. ಅದಕ್ಕೆ ನಾನು ದುಡ್ಡು ಕೊಡಬೇಕಿರಲಿಲ್ಲ, ಅದೇ ದೊಡ್ಡ ಅನುಕೂಲ. ಆರೋಗ್ಯದ ಟಿಪ್ಸ್, ಕೂದಲಿನ ಟಿಪ್ಸ್, ಪರೀಕ್ಷೆಗೆ ಓದುವ ಟಿಪ್ಸ್ ಅಂತ ನಲವತ್ತರ ಹತ್ತಿರ ಬರೆದೆ. ಓದಿದವರು ಅಕ್ಕ, ಭಾವ, ಕಾಲೇಜಿನ ನಾಲ್ಕು ಗೆಳತಿಯರು.

ಆ ಡಿಸೆಂಬರಿನಲ್ಲಿ ಚಳಿ ಜಾಸ್ತಿ ಇತ್ತು. ಚಿಕ್ಕಪ್ಪ ತುಡುವೆ ಜೇನಿನ ಪೆಟ್ಟಿಗೆ ಇಟ್ಟವರು. ತೋಟದಲ್ಲಿ, ಬೆಟ್ಟದ ಅಂಚಿನಲ್ಲಿ ಸೇರಿ ಮೂವತ್ತರ ಹತ್ತಿರ ಪೆಟ್ಟಿಗೆ ಇದ್ದವು. ಗುರುತಿನವರಿಗೆ, ಅವರ ಗುರುತಿನವರಿಗೆ ಜೇನುತುಪ್ಪ ಕೊಡುತ್ತಿದ್ದರು. ಒಂದು ಬೆಳಿಗ್ಗೆ ಚಿಕ್ಕಪ್ಪ ಜಗಲಿಯಲ್ಲಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು.

"ಇದು ಮೂರನೇ ಫೋನು ಕೂಸೇ. ಭಟ್ರೇ, ನಿಮ್ಮ ತುಪ್ಪದ ಬುಡದಲ್ಲಿ ಸಕ್ಕರೆ ಕೂತಿದೆಯಲ್ಲ, ಪಾಕ ಬೆರೆಸಿದ್ರಾ ಅಂತ ಕೇಳ್ತಾರೆ."

ಎದ್ದು ಹೋಗಿ ಕಪಾಟಿನಿಂದ ಒಂದು ಬಾಟಲಿ ತಂದು ಬಿಸಿಲಿಗೆ ಹಿಡಿದರು. ಮೇಲರ್ಧ ತಿಳಿಯಾಗಿ, ಕೆಂಪಗೆ. ಕೆಳಗರ್ಧ ಮಂದ, ರವೆ ಕಲಸಿದ ಹಾಗೆ. ನಡುವೆ ಗೆರೆ ಎಳೆದಂತೆ ಇತ್ತು. ಚಿಕ್ಕಪ್ಪ ಪಾತ್ರೆಯಲ್ಲಿ ನೀರು ಕಾಯಿಸಿದರು. ಬೆರಳು ಇಟ್ಟರೆ ಸುಡದಷ್ಟೇ ಬಿಸಿ. ಒಲೆಯಿಂದ ಇಳಿಸಿ, ಬಾಟಲಿಯನ್ನು ಅದರಲ್ಲಿ ಕೂರಿಸಿದರು. ನೀರು ಆರಿದ ಹಾಗೆ ಎರಡು ಸಲ ಬದಲಾಯಿಸಿದರು. ಬುಡದ ಹರಳು ಅಂಚಿನಿಂದ ಕರಗುತ್ತಾ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಬಾಟಲಿಯಿಡೀ ಒಂದೇ ಬಣ್ಣ.

ನಾನು ಅಷ್ಟನ್ನೂ ಫೋಟೋ ತೆಗೆದು, ಅವತ್ತೇ ಸಂಜೆ ಬರೆಯಲು ಕೂತೆ. 'ಜೇನುತುಪ್ಪ ಗಟ್ಟಿಯಾದರೆ ಕಲಬೆರಕೆಯೇ?' ಜೇನಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಇರುತ್ತವೆ. ಗ್ಲೂಕೋಸ್ ಬೇಗ ಹರಳುಗಟ್ಟುತ್ತದೆ. 14 ಡಿಗ್ರಿ ಆಸುಪಾಸಿನ ಚಳಿಯಲ್ಲಿ ಇನ್ನೂ ಬೇಗ. ಯಾವ ಹೂವಿನ ತುಪ್ಪ ಅನ್ನುವುದರ ಮೇಲೂ ಹೋಗುತ್ತದೆ. ಇಷ್ಟು ಬರೆದು, ಕೊನೆಗೆ ಜೋರಾಗಿ ಒಂದು ಸಾಲು ಹಾಕಿದೆ: 'ಗಟ್ಟಿಯಾಗುವುದೇ ಅಪ್ಪಟ ಜೇನಿನ ಗುರುತು.'

ಚಿಕ್ಕಪ್ಪನಿಗೆ ಓದಿ ಹೇಳಿದೆ. ಆ ಸಾಲು ಬಂದಾಗ ಕೈ ಅಡ್ಡ ಹಿಡಿದರು. "ಅದನ್ನು ತೆಗಿ. ಸಕ್ಕರೆ ಪಾಕ ಬೆರೆಸಿದ್ದೂ ಗಟ್ಟಿಯಾಗ್ತದೆ. ಕಣ್ಣಲ್ಲಿ ನೋಡಿ ಹೇಳೋಕೆ ಬರೋದಿಲ್ಲ." ಲೋಟದ ನೀರಿಗೆ ಒಂದು ಹನಿ ಬಿಟ್ಟು ನೋಡುವ ಪರೀಕ್ಷೆಯನ್ನೂ ನಂಬಬೇಡಿ, ಲ್ಯಾಬಿಗೇ ಕೊಡಬೇಕು ಅಂತ ಬರಿ ಅಂದರು. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬಾರದು ಅನ್ನುವುದನ್ನು ನಾನೇ ಸೇರಿಸಿದೆ. ಮಾರಾಟಕ್ಕೆ ಬರೆಯುವ ಲೇಖನದಲ್ಲಿ ಇಷ್ಟೆಲ್ಲ 'ಬೇಡ' ಬೇಕಾ ಅಂತ ನನಗೆ ಅಳುಕಿತ್ತು. ಆದರೂ ಚಿಕ್ಕಪ್ಪ ಹೇಳಿದ ಹಾಗೇ ಹಾಕಿದೆ. ಕೊನೆಯಲ್ಲಿ ಅವರ ವಾಟ್ಸಾಪ್ ನಂಬರ್.

ಮೂರು ತಿಂಗಳು ಏನೂ ಆಗಲಿಲ್ಲ. ಗೂಗಲ್‌ನ ಸರ್ಚ್ ಕನ್ಸೋಲ್ ಅನ್ನುವುದನ್ನು ಆಗ ತಾನೇ ಕಲಿತಿದ್ದೆ. ಜನ ಏನು ಟೈಪ್ ಮಾಡಿದಾಗ ನಮ್ಮ ಪುಟ ಕಾಣಿಸಿತು, ಎಷ್ಟನೇ ಜಾಗದಲ್ಲಿ, ಎಷ್ಟು ಜನ ಒತ್ತಿದರು ಎಲ್ಲ ಅದರಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಅದನ್ನು ನೋಡಿ ನನಗೆ ಕಣ್ಣು ತೆರೆದ ಹಾಗಾಯಿತು. ಜನ 'ಹರಳುಗಟ್ಟುವಿಕೆ' ಅಂತ ಹುಡುಕುವುದಿಲ್ಲ. 'ಜೇನುತುಪ್ಪ ಸಕ್ಕರೆ ಆಗಿದೆ' ಅಂತ ಹುಡುಕುತ್ತಾರೆ. ಚಿಕ್ಕಪ್ಪನಿಗೆ ಫೋನಿನಲ್ಲಿ ಕೇಳಿದ್ದ ಮಾತೇ ಅದು! ತುಂಬಾ ಜನ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ಆ ಮಾತನ್ನೇ ತಲೆಬರಹಕ್ಕೆ ತಂದೆ. ಹದಿನೆಂಟನೇ ಜಾಗದಲ್ಲಿದ್ದ ಪುಟ ಮಳೆಗಾಲದ ಹೊತ್ತಿಗೆ ನಾಲ್ಕಕ್ಕೆ ಬಂತು.

ಮೊದಲ ಗುರುತಿಲ್ಲದ ಗಿರಾಕಿ ದಾವಣಗೆರೆಯ ಒಬ್ಬ ಅಮ್ಮ. "ಲ್ಯಾಬಿಗೆ ಕೊಡಿ ಅಂತ ನೀವೇ ಬರೆದಿದೀರಲ್ಲ, ಅದಕ್ಕೇ ಫೋನ್ ಮಾಡಿದೆ" ಅಂದರಂತೆ. ಚಿಕ್ಕಪ್ಪ ನನ್ನ ಕಡೆ ನೋಡಿ ನಕ್ಕರು. ಎರಡು ಬಾಟಲಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆವು. ಒಂದು ದಾರಿಯಲ್ಲೇ ಒಡೆಯಿತು. ಇನ್ನೊಂದು ಕಳಿಸಿದೆವು. ಅಲ್ಲಿಂದ ಗಾಜು ಬಿಟ್ಟು ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಸುತ್ತ ಅಡಿಕೆ ಹಾಳೆಯ ಚೂರು. ಆ ವರ್ಷವೇ ತಿನ್ನುವ ವಸ್ತು ಮಾರುವವರಿಗೆ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿಯನ್ನೂ ಮಾಡಿಸಿದೆವು, ಆಗ ವರ್ಷಕ್ಕೆ 100 ರೂಪಾಯಿ. ಮರುವರ್ಷ ಚಿಕ್ಕಪ್ಪನ ತುಪ್ಪ ಯುಗಾದಿಗೆ ಮೊದಲೇ ಖಾಲಿ. ಈಗ ಊರಿನ ಇನ್ನೂ ನಾಲ್ಕು ಮನೆಯವರ ತುಪ್ಪಕ್ಕೂ ನಾನೇ ಬರೆಯುತ್ತೇನೆ, ಅದಕ್ಕೆ ಅವರು ತಿಂಗಳಿಗೆ ಇಂತಿಷ್ಟು ಅಂತ ಕೊಡುತ್ತಾರೆ.

ಆಡ್‌ಸೆನ್ಸ್ ಬಗ್ಗೆ, ಅಂದರೆ ಬ್ಲಾಗಿನಲ್ಲಿ ಗೂಗಲ್ ಹಾಕುವ ಜಾಹೀರಾತಿನಿಂದ ಬರುವ ದುಡ್ಡಿನ ಬಗ್ಗೆ, ಎಲ್ಲರೂ ಕೇಳುತ್ತಾರೆ. ಆಮೇಲೆ ಅದೂ ಸಿಕ್ಕಿತು. ಗಳಿಕೆ 10 ಡಾಲರ್ ಆದಾಗ ವಿಳಾಸ ಖಾತ್ರಿಗೆ ಒಂದು ಪಿನ್ ಅಂಚೆಯಲ್ಲಿ ಬರುತ್ತದೆ. ನಮ್ಮ ಪೋಸ್ಟ್‌ಮನ್ ಆ ಸಣ್ಣ ಲಕೋಟೆ ಹಿಡಿದು "ಗೂಗಲ್‌ನಿಂದ ಬಂದಿದೆ" ಅಂತ ಅಂಗಳದಿಂದಲೇ ಕೂಗಿದ್ದು ಮರೆಯೋದಿಲ್ಲ. ಆದರೆ 100 ಡಾಲರ್ ತುಂಬಿದ ಮೇಲೇ ದುಡ್ಡು ಕೈಗೆ ಬರುವುದು. ನನಗೆ ಅದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಅಮೆಜಾನ್ ಲಿಂಕ್ ಹಾಕಿ, ಜೇನು ಹಿಡಿಯುವ ಕೈಗವಸು, ಮುಖದ ಬಲೆ ಮಾರಿಸಿ ಒಂದಿಷ್ಟು ಕಮಿಷನ್ ಬಂದಿದ್ದೂ ಇದೆ. ಆ ಲಿಂಕಿನ ಪಕ್ಕದಲ್ಲೇ 'ನೀವು ಕೊಂಡರೆ ನನಗೆ ಕಮಿಷನ್ ಬರುತ್ತದೆ' ಅಂತ ಬರೆಯುತ್ತೇನೆ. ಓದುವವರಿಗೆ ಅದು ಗೊತ್ತಿರಬೇಕು, ಅಲ್ವಾ?

ಕನ್ನಡದಲ್ಲಿ ಶುರು ಮಾಡುವವರಿಗೆ ನಾನು ಹೇಳುವುದು: ಜಾಹೀರಾತಿನ ದುಡ್ಡನ್ನು ನೆಚ್ಚಿಕೊಂಡು ಬರಬೇಡಿ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಏನೋ ಒಂದನ್ನು ಚೆನ್ನಾಗಿ ಮಾಡುವವರು ಇರುತ್ತಾರೆ. ಹಪ್ಪಳ, ನರ್ಸರಿ ಗಿಡ, ಟೈಲರಿಂಗ್ ಕ್ಲಾಸ್, ಏನೇ ಆಗಲಿ. ಒಂದು ವಾರ ಅವರ ಪಕ್ಕ ಕೂತು, ಗಿರಾಕಿಗಳು ಏನು ಕೇಳುತ್ತಾರೆ ಅಂತ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಅವರ ಮಾತಿನಲ್ಲೇ. ನನ್ನ ಪುಸ್ತಕದಲ್ಲಿ ಈಗ 63 ಪ್ರಶ್ನೆ ಇವೆ. ಒಂದೊಂದಕ್ಕೂ ಒಂದು ಲೇಖನ.

ಈ ವಾರದ ಪ್ರಶ್ನೆ ಕಷ್ಟದ್ದು. ಮಳೆಗಾಲದಲ್ಲಿ ಹೂವು ಇರುವುದಿಲ್ಲ, ಆಗ ಜೇನುಹುಳ ಸಾಯದಿರಲಿ ಅಂತ ಪೆಟ್ಟಿಗೆಯೊಳಗೆ ಸಕ್ಕರೆ ನೀರು ಇಡುತ್ತಾರೆ. ನಮ್ಮ ತೋಟಕ್ಕೆ ಬಂದ ಒಬ್ಬರು ಅದನ್ನು ನೋಡಿ, "ಹಾಗಾದ್ರೆ ನೀವು ಮಾರೋದು ಸಕ್ಕರೆಯನ್ನೇ ಅಲ್ವಾ?" ಅಂತ ಕೇಳಿ ಹೋದರು. ಆ ಹೊತ್ತಿನಲ್ಲಿ ತುಪ್ಪ ತೆಗೆಯುವುದಿಲ್ಲ, ಅದು ಹುಳದ ಹೊಟ್ಟೆಗೆ ಮಾತ್ರ ಅನ್ನುವುದು ಉತ್ತರ. ಇದನ್ನು ಬರೆಯೋದಾ ಬೇಡವಾ ಅಂತ ಚಿಕ್ಕಪ್ಪನನ್ನು ಕೇಳಿದೆ. "ಪೆಟ್ಟಿಗೆ ಮುಚ್ಚಳ ತೆಗೀತೇನೆ, ಫೋಟೋ ಹೊಡಿ ಬಾ" ಅಂದರು. ನಾಳೆ ಮಳೆ ಹೊಳವಾದರೆ ಹೋಗಬೇಕು.